ಬೂದಿಬಟ್ಟಲಲ್ಲಿ ಹಸಿರು ಫ್ಯೂಸು

ಬೀಗದ ಕೈ ತಿರುಗಿಸಿ, ಕಿತ್ತು, ಜೇಬಿಗಿಳಿಸಿದರೂ
ಹೀಟರಿನ ಫ್ಯಾನು ತಿರುಗುತ್ತಲೇ ಇರುತ್ತಿತ್ತು,
ಬರ್ತೀನಿ ಅಂತ ಎದ್ದು, ಬೂಟು ಮೆಟ್ಟಿ,
ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ
ಮಾತಾಡುವ ನೆಂಟನ ಹಾಗೆ.

ನಾರಿನ್ ಊರಿನ ಡಿಸೆಂಬರಿನಲ್ಲಿ
ಬ್ಯಾಟರಿಗೆ ಬೆಳಗಿನ ತನಕ ಉಸಿರು ಉಳಿಯುವುದಿಲ್ಲ.
ಹಾಗಾಗಿ ಫ್ಯೂಸು ಕೀಳುವುದು ರೂಢಿಯಾಯಿತು:
ಸ್ಟೀರಿಂಗಿನ ಅಡಿಯ ಮುಚ್ಚಳ, ಎಡದಿಂದ ನಾಲ್ಕನೆಯದು,
ಹಸಿರು, ಮೂವತ್ತು ಆಂಪಿಯರು,
ಮಗುವಿನ ಹಾಲುಹಲ್ಲಿನಂತೆ ಉಗುರಲ್ಲಿ ಹಿಡಿದು ಅಲುಗಿಸಿ ಎಳೆಯಬೇಕು.
ಫ್ಯಾನು ಆಗ
ಗೊಣಗುತ್ತ ಗೊಣಗುತ್ತ ಸುಮ್ಮನಾಗುತ್ತದೆ.

ಈ ಹಳೇ ಆಡಿ ನಮ್ಮಿಬ್ಬರದು.
ಹಗಲು ಅಣ್ಣ ಜಿರ್ಗಾಲನದು, ಅತ್‌ಬಾಶಿಗೆ ನಾಲ್ಕು ಸವಾರಿ
(ಆ ಹೆಸರಿಗೆ ಕುದುರೆತಲೆ ಎಂದರ್ಥ; ಆ ವಿಷಯ ಆಮೇಲೆ).
ರಾತ್ರಿ ನನ್ನದು: ಆಸ್ಪತ್ರೆ, ಬಸ್ ನಿಲ್ದಾಣ,
ತಮ್ಮ ಮನೆ ಯಾವುದೆಂದು ಮರೆತ ಕುಡುಕರು.

ಕೆಂಚು ಕುದುರೆ ಮಾರಿದ ದಿನದಿಂದ ನಮ್ಮಲ್ಲಿ ಮಾತಿಲ್ಲ.
ಮಾರಿದ್ದು ಅವನು.
ಒಂದು ಮಾತು ಕೇಳಬಾರದಿತ್ತೇ ಎಂದದ್ದು ನಾನು.
ಒಂದು ದಿನವಾದರೂ ಹುಲ್ಲು ಹಾಕಿದ್ದೀಯ ಎಂದದ್ದು ಅವನು.
ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಏಳಕ್ಕೆ ಗಾಡಿ ನಿಲ್ಲಿಸಿ, ಕೀ ಮುಂದಿನ ಚಕ್ರದ ಮೇಲಿಟ್ಟು,
ಫ್ಯೂಸು ಬೂದಿಬಟ್ಟಲಲ್ಲಿಟ್ಟು ಹೋಗುತ್ತಾನೆ.
ಬೆಳಗ್ಗೆ ಆರಕ್ಕೆ ನಾನೂ ಅಲ್ಲೇ ಇಡುತ್ತೇನೆ.
ಮುಟ್ಟಿದಾಗ ಇನ್ನೂ ಬೆಚ್ಚಗಿದ್ದರೆ
ಈಗಷ್ಟೇ ಗಲ್ಲಿ ತಿರುಗಿದ, ಓಡಿದರೆ ಸಿಕ್ಕಾನು.
ತಣ್ಣಗೆ ಕೊರೆಯುತ್ತಿದ್ದರೆ
ಗಿರಾಕಿಯಿಲ್ಲದೆ ಬೇಗ ಮನೆ ಸೇರಿದ್ದಾನೆ.
ಒಂದು ಸಲ ಹಸಿರಿನ ಮೇಲೆ ರಕ್ತದ ಕಲೆ,
ಚಳಿಗೆ ಬೆರಳು ಸೀಳಿರಬೇಕು.
ಒರೆಸಿ ಸಿಕ್ಕಿಸಿದೆ.
ಕೇಳಲಿಲ್ಲ.

ಭಾನುವಾರ, ಹಳೇ ಬಿಡಿಭಾಗಗಳ ಕಂಟೇನರಿನಲ್ಲಿ
ಬುಬುಸಾರಾ ಅಜ್ಜಿ ಚಹಾ ಊದುತ್ತ ಹೇಳಿದಳು:
"ಮೋಟಾರಿನ ತಪ್ಪಿಲ್ಲ, ಸ್ವಿಚ್ಚಿನ ತಪ್ಪೂ ಇಲ್ಲ. ರಿಲೇ.
ಒಳಗೆ ಅಂಟಿಕೊಂಡಿದೆ. ಇನ್ನೂರೈವತ್ತು ಸೋಮ್.
ಇನ್ನೂರು ಕೊಡು, ನಿಮ್ಮಪ್ಪ ಒಳ್ಳೆಯವನು."

ತಲೆ ಪೆಡಲುಗಳ ನಡುವೆ, ಕಾಲು ಬಾಗಿಲಾಚೆ ಹಿಮದಲ್ಲಿ,
ಟಾರ್ಚು ಹಲ್ಲಲ್ಲಿ, ಜೊಲ್ಲು ಕಿವಿಯ ಕಡೆಗೆ.
ಬೆಂಕಿಪೊಟ್ಟಣದ ಅರ್ಧದಷ್ಟು ಡಬ್ಬಿ.
ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿದರೆ
ಸಾಸಿವೆಗಿಂತ ದಪ್ಪ, ಉದ್ದಿಗಿಂತ ಸಣ್ಣ
ಎರಡು ಲೋಹದ ಚುಕ್ಕೆ.
ಮುಟ್ಟುವುದು, ಬಿಡುವುದು, ಅಷ್ಟೇ ಅವುಗಳ ಉದ್ಯೋಗ.
ಯಾವುದೋ ಒಂದು ಕಿಡಿಗೆ ಕರಗಿ
ಬಿಡುವುದನ್ನು ಮರೆತಿವೆ.

ಇದಕ್ಕೆಲ್ಲ ಅರ್ಥ ಕಟ್ಟಬೇಡ ಎಂದು ನನಗೆ ನಾನೇ ಗದರಿಕೊಂಡೆ.
ಬೆರಳು ಮರಗಟ್ಟಿತ್ತು,
ಹೊಸದನ್ನು ಒತ್ತಿ ಕೂರಿಸುವುದಷ್ಟೇ ಬಾಕಿ.

ಕೀ ತಿರುಗಿಸಿದೆ. ಬಿಸಿಗಾಳಿ ಬಂತು.
ಹಿಂದಕ್ಕೆ ತಿರುಗಿಸಿದೆ.
ನಿಂತಿತು.
ಎಷ್ಟೊಂದು ನಿಶ್ಶಬ್ದ ಎಂದರೆ
ಎಂಜಿನ್ನಿನ ಕಬ್ಬಿಣ ತಣಿಯುವ ಟಿಣ್ ಟಿಣ್,
ಪಕ್ಕದ ಮನೆಯವಳು ಕಲ್ಲಿದ್ದಲು ಸುರಿದದ್ದು,
ಗಡ್ಡೆಗಟ್ಟಿದ ನದಿ ಅಡಿಯಲ್ಲಿ ಇನ್ನೂ ಹರಿಯುತ್ತಿರುವುದು.
ಗೆದ್ದೆ ಅನಿಸಿತು, ಸುಮಾರು ಒಂದು ನಿಮಿಷ.
ಆಮೇಲೆ ಬೂದಿಬಟ್ಟಲು ನೋಡಿದೆ. ಖಾಲಿ.
ಇನ್ನು ಅಲ್ಲಿ ಇಡುವುದಕ್ಕೆ ಏನೂ ಇಲ್ಲ.

ಸೋಮವಾರ ಬೆಳಗ್ಗೆ ಕೀ ಮಾತ್ರ ಚಕ್ರದ ಮೇಲಿಟ್ಟು ಬಂದೆ.
ನಿದ್ದೆ ಹತ್ತಲಿಲ್ಲ.

ಸಂಜೆ ಬಾಗಿಲು ತೆರೆದರೆ
ಬೂದಿಬಟ್ಟಲಲ್ಲಿ ಹಸಿರು ಫ್ಯೂಸು.
ಫ್ಯಾನು ತಾನಾಗಿ ನಿಲ್ಲುವುದನ್ನು ಅವನು ಕೇಳಿಸಿಕೊಂಡೇ ಇರಬೇಕು,
ದಿನವಿಡೀ, ನಾಲ್ಕು ಸವಾರಿಯ ಉದ್ದಕ್ಕೂ.
ಆದರೂ ಬಗ್ಗಿ, ಮುಚ್ಚಳ ತೆಗೆದು,
ಸೀಳಿದ ಬೆರಳಲ್ಲಿ ಕಿತ್ತಿದ್ದಾನೆ.
ಮುಟ್ಟಿದೆ. ಬೆಚ್ಚಗಿತ್ತು.
ಓಡಲಿಲ್ಲ.

ಬೆಳಗ್ಗೆ ನಾನೂ ಕಿತ್ತೆ, ಬೇಕಿಲ್ಲದಿದ್ದರೂ.
ಪಕ್ಕದಲ್ಲಿ ಒಂದು ಕುರುತ್ ಇಟ್ಟೆ,
ಅಮ್ಮ ಮೊಸರು ಹಿಂಡಿ, ಉಪ್ಪು ಕಲಸಿ, ಉಂಡೆಕಟ್ಟಿ ಒಣಗಿಸಿದ್ದು,
ಕಲ್ಲಿನಷ್ಟು ಗಟ್ಟಿ.
ದವಡೆಯಲ್ಲಿಟ್ಟುಕೊಂಡರೆ
ಅತ್‌ಬಾಶಿಯ ತನಕ ಬರುತ್ತದೆ,
ಬಾಯಿ ಬಿಡಬೇಕಾಗಿಲ್ಲ.